ಮರ ನೋಡಿ ಕಂಡದ್ದು, ಬಸ್ಸಲ್ಲಿ ಕೇಳಿದ್ದು

ನಮ್ಮ ಮನೆಯಲ್ಲಿ ಮಧ್ಯಾಹ್ನ ತಟ್ಟೆಗೆ ಮುದ್ದೆ ಬೀಳುವ ಮೊದಲು ಹುಣಸೆ ಮರಗಳ ಸುದ್ದಿ ಬರಬೇಕಿತ್ತು. ಅಪ್ಪ ಪಾವಗಡಕ್ಕೂ ಹೊಳವನಹಳ್ಳಿಗೂ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಪಾವಗಡ ಬಿಟ್ಟು ಹೊಳವನಹಳ್ಳಿ ಮುಟ್ಟಿ ಹಿಂತಿರುಗುವಾಗ ಬಸ್ಸು ಮಧುಗಿರಿ ನಿಲ್ದಾಣದಲ್ಲಿ ಊಟಕ್ಕೆಂದು ನಿಲ್ಲುತ್ತಿತ್ತು. ಡ್ರೈವರ್ ಹೋಟೆಲಿಗೆ ಹೋಗುತ್ತಿದ್ದ, ಅಪ್ಪ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಮನೆಗೆ ಬರುತ್ತಿದ್ದ. ದುಡ್ಡಿನ ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕೈಕಾಲು ತೊಳೆದು, ಅಡುಗೆಮನೆಯ ಹೊಸಿಲ ಪಕ್ಕ ಮಣೆ ಎಳೆದುಕೊಂಡು ಕೂರುತ್ತಿದ್ದ. ಶಾಲೆ ಹತ್ತಿರವೇ ಇದ್ದುದರಿಂದ ನಾನೂ ಅದೇ ಹೊತ್ತಿಗೆ ಊಟಕ್ಕೆ ಬರುತ್ತಿದ್ದೆ. ಅಮ್ಮ ಒಲೆಯ ಮುಂದೆ ಮುದ್ದೆ ಕಟ್ಟುತ್ತ, ತಿರುಗಿ ನೋಡದೆ ಕೇಳುತ್ತಿದ್ದಳು.

"ಮಿಡಿಗೇಶಿ ಕೆರೆ ಏರಿ ಮ್ಯಾಗಿನವು ಹೆಂಗವೆ?"

"ಎಲೆ ಐತೆ, ಕಾಯಿಲ್ಲ."

"ನಿಡುಗಲ್ ಕಡೆ?"

"ಅದು ನಮ್ಮ ರೂಟಲ್ಲ. ಅಲ್ಲಿಂದ ಬಂದೋರು ಅಂದ್ರು, ಹೂವೆಲ್ಲ ಉದುರೋಯ್ತಂತೆ."

"ಅಂದ್ರು, ಅಂತೆ ಎಲ್ಲ ಬ್ಯಾಡ. ನೀವು ಕಣ್ಣಲ್ಲಿ ಕಂಡಿದ್ದು ಹೇಳಿ."

ಅಮ್ಮ ಚೇಣಿ ಮಾಡುತ್ತಿದ್ದಳು. ಹುಣಸೆ ಕಾಯಿ ಇನ್ನೂ ಹಸಿರಾಗಿರುವಾಗಲೇ ಮರದ ಮೇಲಿನ ಫಸಲಿಗೆ ಬೆಲೆ ಕಟ್ಟಿ, ಹಣ ಕೊಟ್ಟು, ಶಿವರಾತ್ರಿಯ ಸುಮಾರಿಗೆ ಆಳುಗಳನ್ನು ಹತ್ತಿಸಿ ಹಣ್ಣು ಬಡಿಸಿಕೊಳ್ಳುವ ವ್ಯಾಪಾರಕ್ಕೆ ನಮ್ಮ ಕಡೆ ಚೇಣಿ ಎನ್ನುತ್ತಾರೆ. ನಡುವೆ ಅಕಾಲದ ಮಳೆ ಹೊಡೆದರೆ, ಹುಳ ಬಿದ್ದರೆ, ಕೋತಿ ತಿಂದರೆ ನಷ್ಟ ಚೇಣಿ ಹಿಡಿದವರದು. ಬೆಲೆ ಏರಿದರೆ ಲಾಭವೂ ಅವರದೇ. ಕಾಗದವಿಲ್ಲ, ಸಾಕ್ಷಿಯಿಲ್ಲ. ಮಾತು ಮುಗಿದ ಮೇಲೆ ಬುಡಕ್ಕೆ ಒಂದು ಪಟ್ಟೆ ಸುಣ್ಣ ಬಳಿದರೆ ಆ ಮರಕ್ಕೆ ಬೇರೆ ಯಾರೂ ಬೆಲೆ ಕೇಳುವಂತಿಲ್ಲ. ಅಮ್ಮನ ತವರು ನಿಡುಗಲ್ಲಿನ ಹತ್ತಿರ. ಅವಳ ಅಪ್ಪನೂ ಇದೇ ಕೆಲಸ ಮಾಡಿದ್ದವನು. ಹುಣಸೆ ಒಂದು ವರ್ಷ ಹೊತ್ತರೆ ಮರುವರ್ಷ ಸೊರಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ತನ್ನ ಮರದಲ್ಲಿ ಎಷ್ಟಿದೆ ಎಂಬುದೂ ಮರದವನಿಗೆ ಗೊತ್ತಿರುತ್ತಿತ್ತು. ಎರಡು ತಾಲ್ಲೂಕು ಆಚೆಯ ಮರದಲ್ಲಿ ಎಷ್ಟಿದೆ ಎಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಆದರೆ ಹಿಂದೂಪುರದ ಮಂಡಿಯಲ್ಲಿ ಬೆಲೆ ನಿಲ್ಲುತ್ತಿದ್ದದ್ದು ಆ ಕಾಣದ ಮರಗಳ ಮೇಲೆಯೇ. ಅಮ್ಮನ ಬಂಡವಾಳದಲ್ಲಿ ದುಡ್ಡು ಕಡಿಮೆ, ಅಪ್ಪನ ಬಸ್ಸಿನ ಕಿಟಕಿ ಹೆಚ್ಚು.

ಮನೆಗೆ ಮೂರು ಅಂಕಣ. ಮುಂದಿನ ಪಡಸಾಲೆಯಲ್ಲಿ ಅಪ್ಪನ ತಾಯಿ ಕೆಂಚಮ್ಮಜ್ಜಿ ಚಾಪೆ ಹಾಸಿಕೊಂಡು ಬಾಗಿಲು ಕಾಯುತ್ತಿದ್ದಳು. ನಡುಮನೆ ಹುಣಸೆಯದು. ಫಸಲು ಬಂದ ತಿಂಗಳುಗಳಲ್ಲಿ ಅಲ್ಲಿ ಮೂಟೆಗಳ ನಡುವೆ ಒಂದಾಳು ಓಡಾಡುವಷ್ಟೇ ಜಾಗ; ಗಲ್ಲಿಯ ಹೆಂಗಸರು ಸುತ್ತ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಆ ಹುಳಿ ವಾಸನೆ ನನ್ನ ಪುಸ್ತಕಗಳಿಗೂ ಲಂಗಕ್ಕೂ ಹತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂತವರ ಬಾಯಲ್ಲಿ ನೀರೂರುತ್ತಿತ್ತಂತೆ. ಹಿಂದಿನದು ಅಡುಗೆಮನೆ. ಈ ಮೂರೂ ಅಂಕಣಗಳಲ್ಲಿ ಅನುಮಾನ ಸಮನಾಗಿ ಹರಡಿತ್ತು. ಬಸ್ಸಿನ ಮಾಲೀಕ ದಿನಾ ಸಂಜೆ ಟಿಕೆಟ್ ಪುಸ್ತಕ ತಿರುವಿ ಅಪ್ಪನನ್ನು ಅನುಮಾನಿಸುತ್ತಿದ್ದ. ಅಪ್ಪ ಕಿಟಕಿಯ ಪಕ್ಕ ನಿದ್ದೆ ಹೋದಂತೆ ನಟಿಸುವ ಪ್ರಯಾಣಿಕರನ್ನು ಅನುಮಾನಿಸುತ್ತಿದ್ದ. ಅಮ್ಮ ಪ್ರತಿ ಮೂಟೆಯೊಳಗೂ ಮೊಣಕೈವರೆಗೆ ಕೈ ಇಳಿಸಿ, ಅಡಿಯಲ್ಲಿ ತೇವ ಇದೆಯೇ, ಮರಳು ಬೆರೆಸಿದ್ದಾರೆಯೇ ಎಂದು ತಡಕುತ್ತಿದ್ದಳು. ಅಜ್ಜಿ ಅಮ್ಮನನ್ನು ಅನುಮಾನಿಸುತ್ತಿದ್ದಳು.

"ಲೇ ಅನುಮಂತ, ನಿನ್ನೆಂಡ್ತಿ ಮರ ನೋಡಾಕೋಗಲ್ಲ ಕಣ್ಲಾ. ಮರ ಮಡಿಕಂಡಿರೋರ ಮಕ ನೋಡಾಕೋಯ್ತಾಳೆ."

ಅಜ್ಜಿಯ ಮಾತಿನಲ್ಲಿ ನಿಜ ಎಷ್ಟಿದೆ ಎಂಬ ಅನುಮಾನ ನನಗೂ ಹುಟ್ಟಿದ್ದು ಆಗಲೇ. ಅಮ್ಮನ ಜೊತೆ ರಜೆಯಲ್ಲಿ ಹಳ್ಳಿಗಳಿಗೆ ಹೋದಾಗ ನಾನು ಅವಳ ಬಾಯಿಯನ್ನೇ ನೋಡುತ್ತಿದ್ದೆ. ಮರದ ಸುತ್ತ ಒಂದು ಬಾರಿ ಬರುತ್ತಿದ್ದಳು, ಕೊಂಬೆ ಕೊಂಬೆಗೆ ಕಣ್ಣು ಹಾಯಿಸುತ್ತಿದ್ದಳು, ಬಿದ್ದ ಕಾಯಿಯೊಂದನ್ನು ಮುರಿದು ಹಲ್ಲಿಗೆ ಒತ್ತುತ್ತಿದ್ದಳು, ಆಮೇಲೆ ಬೆಲೆ ಹೇಳುತ್ತಿದ್ದಳು. ಪಾವಗಡದ ದಾರಿಯಲ್ಲಿ ಫಸಲು ಕೆಟ್ಟಿದೆ, ಬೆಲೆ ಏರುತ್ತದೆ ಎಂದು ಒಮ್ಮೆಯೂ ಹೇಳುತ್ತಿರಲಿಲ್ಲ. ಯಾಕೆ ಹೇಳುವುದಿಲ್ಲ ಎಂದು ಒಂದು ಸಲ ಕೇಳಿದೆ.

"ನಾನು ಬಿಸಿಲಲ್ಲಿ ಸುತ್ತಿ, ಕತ್ತೆತ್ತಿ ಕತ್ತೆತ್ತಿ ನೋಡಿ ತಿಳ್ಕೊಂಡಿದ್ದು ಅದು. ಬೇಕಾದ್ರೆ ಅವ್ರೂ ಹೋಗಿ ನೋಡ್ಲಿ. ಯಾರಾದ್ರೂ ಬೇಲಿ ಹಾಕವ್ರಾ?"

"ಅವ್ರಿಗೆ ಗೊತ್ತಾಗಲ್ಲ ಅಂತ ನಿಂಗೆ ಗೊತ್ತಲ್ಲಮ್ಮ."

"ಸುಮ್ನೆ ನಡಿ. ಬಸ್ಸು ತಪ್ಪೋಯ್ತದೆ."

ಈ ವ್ಯಾಪಾರದಲ್ಲಿ ಗಂಡಸರ ಒಂದು ಪದ್ಧತಿ ಇತ್ತು. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಕೈ ಹಿಡಿದುಕೊಂಡು ಬೆರಳು ಒತ್ತಿ ಬೆಲೆ ಮಾತಾಡುತ್ತಿದ್ದರು. ಕುರಿ ಸಂತೆಯಿಂದ ಬಂದ ರೂಢಿ. ಸುತ್ತ ಹತ್ತು ಜನ ನಿಂತಿದ್ದರೂ ಬೆಲೆ ಆ ಇಬ್ಬರ ಬೆರಳುಗಳಿಗೆ ಮಾತ್ರ ಗೊತ್ತು. ಪಕ್ಕದ ಮರ ಎಷ್ಟಕ್ಕೆ ಹೋಯಿತು ಎಂಬುದು ಪಕ್ಕದ ಮರದವನಿಗೆ ತಿಳಿಯುತ್ತಿರಲಿಲ್ಲ. ಅಮ್ಮ ಹೆಂಗಸು, ಪರಗಂಡಸಿನ ಕೈ ಹಿಡಿದು ಟವೆಲ್ಲಿನಡಿ ಕೂರುವಂತಿರಲಿಲ್ಲ. ಹಾಗಾಗಿ ಅವಳು ಬೆಲೆಯನ್ನು ಬಾಯಲ್ಲಿ, ಎಲ್ಲರೂ ಕೇಳುವಂತೆ ಹೇಳುತ್ತಿದ್ದಳು. ಬೇರೆ ಚೇಣಿದಾರರಿಗೆ ಅವಳ ಮೇಲೆ ಸಿಟ್ಟಿದ್ದದ್ದು ಇದಕ್ಕೇ. ಅವಳ ಮಾತು ನೇರ ಎಂದು ಊರೂರಲ್ಲಿ ಹೆಸರಾಗಿತ್ತು. ಆ ನೇರ ಮಾತು ಗುಣದಿಂದ ಬಂತೋ ಟವೆಲ್ ಸಿಗದೇ ಇದ್ದುದರಿಂದ ಬಂತೋ ಎಂಬುದನ್ನು ನಾನು ತೀರ್ಮಾನಿಸಲಾರೆ. ಹೆಸರು ಮಾತ್ರ ಬಂತು, ಆ ಹೆಸರಿನ ಮೇಲೆ ವ್ಯಾಪಾರ ನಡೆಯಿತು.

ಮುಂದೆ ನಾನು ಪತ್ರಿಕೆಯೊಂದರ ವಾಣಿಜ್ಯ ಪುಟದಲ್ಲಿ ಬಹುಕಾಲ ಕೆಲಸ ಮಾಡಿದೆ. ಒಂದು ಕಂಪನಿಯ ಬಗ್ಗೆ ಬರೆಯುವವರು ಅದರ ಷೇರು ಇಟ್ಟುಕೊಳ್ಳಬಾರದು, ಅಚ್ಚಾಗದ ಸುದ್ದಿಯನ್ನು ನಂಬಿ ಕೊಳ್ಳಬಾರದು, ಮಾರಬಾರದು ಎಂಬ ನಿಯಮ ಅಲ್ಲಿತ್ತು. ಹೊಸದಾಗಿ ಸೇರಿದ ಹುಡುಗರು ಕೇಳುತ್ತಿದ್ದರು: ಲೆಕ್ಕಪತ್ರ ಓದಿ ತಿಳಿದುಕೊಂಡರೆ ಜಾಣತನ, ಕಂಪನಿಯ ಗುಮಾಸ್ತ ಟೀ ಕುಡಿಯುತ್ತ ಹೇಳಿದರೆ ಅಪರಾಧ, ತಿಳಿದುಕೊಂಡದ್ದು ಒಂದೇ ಅಲ್ಲವೇ? ಈಗ ನನ್ನ ತಮ್ಮನ ಮಗ ಮೊಬೈಲಿನಲ್ಲಿ ಷೇರು ಕೊಳ್ಳುತ್ತಾನೆ, ಅವನೂ ಇದನ್ನೇ ಕೇಳುತ್ತಾನೆ. ಜೊತೆಗೆ, ಅತ್ತೆಗೆ ಗೊತ್ತಿರುವುದನ್ನು ಅತ್ತೆ ಬಚ್ಚಿಡುತ್ತಾಳೆ ಎಂಬ ಗುಮಾನಿಯೂ ಅವನಿಗಿದೆ. ಒಂದೇ ಅಲ್ಲ ಎಂದು ಹೇಳುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಮನೆಯ ಒಂದು ಊಟ.

ಆ ವರ್ಷ ಪಾವಗಡ, ಮಿಡಿಗೇಶಿ, ಶಿರಾ ಕಡೆಯ ಮರಗಳೆಲ್ಲ ಬರಿದಾಗಿದ್ದವು. ಅಮ್ಮ ಪ್ರತಿ ವರ್ಷ ಹಿಡಿಯುತ್ತಿದ್ದ ಮರಗಳು ಹೆಚ್ಚಿನವು ಆ ಕಡೆಯವೇ. ಕಾಯಿ ಇದ್ದದ್ದು ಕೊರಟಗೆರೆ ತಾಲ್ಲೂಕಿನಲ್ಲಿ ಮಾತ್ರ. ಅಲ್ಲಿಯ ಮರ ಸಿಗದಿದ್ದರೆ ನಮ್ಮ ನಡುಮನೆ ಆ ವರ್ಷವಿಡೀ ಖಾಲಿ. ಆ ತಾಲ್ಲೂಕಿನ ಹೊಳವನಹಳ್ಳಿಯಲ್ಲಿ ಗಂಗಮ್ಮ ಎಂಬಾಕೆಯ ಒಂದು ತೋಪಿನಷ್ಟು ಮರಗಳಿದ್ದವು. ಅವನ್ನು ಶಿರಾದ ಹುಣಸೆ ವ್ಯಾಪಾರಿ ಬಾಷಾ ಸಾಬರು ಆಕೆಯ ಗಂಡನ ಜೊತೆ ಟವೆಲ್ಲಿನಡಿ ಮಾತಾಡಿ ಬಹಳ ವರ್ಷದಿಂದ ಹಿಡಿಯುತ್ತಿದ್ದರು. ಅಮ್ಮನೂ ವರ್ಷಕ್ಕೊಮ್ಮೆ ಹೋಗಿ ಬೆಲೆ ಹೇಳಿ ಬರುತ್ತಿದ್ದಳು, ಸಿಕ್ಕಿರಲಿಲ್ಲ. ಈ ಸಲ ದಸರಾ ರಜೆ ಶುರುವಾಗುವ ಮುಂಚೆಯೇ ಹೋಗಿ, ಮರಗಳನ್ನು ನೋಡಿಕೊಂಡು, ಬಾಷಾ ಸಾಬರಿಗಿಂತ ಹೆಚ್ಚು ಎಷ್ಟು ಕೊಡಬಹುದೆಂದು ಲೆಕ್ಕ ಹಾಕಿಟ್ಟಿದ್ದಳು. ಮುಂದಿನ ವಾರ ಹೋಗಿ ಮಾತಾಡುವುದೆಂದು ಮನೆಯಲ್ಲಿ ಹೇಳಿಯೂ ಇದ್ದಳು. ಅಷ್ಟರಲ್ಲಿ ಒಂದು ಮಧ್ಯಾಹ್ನ ಅಪ್ಪ ನಗುತ್ತಲೇ ಒಳಗೆ ಬಂದ.

"ಇವತ್ತು ಮರದ ಸುದ್ದಿ ಕೇಳ್ಬ್ಯಾಡ. ಅದ್ರಪ್ಪನಂಥ ಸುದ್ದಿ ಐತೆ."

ಗಂಗಮ್ಮ ಬೆಳಿಗ್ಗೆ ಹೊಳವನಹಳ್ಳಿಯಲ್ಲಿ ಅಪ್ಪನ ಬಸ್ಸು ಹತ್ತಿದ್ದಳು. ಗಂಡ ಮೊಪೆಡ್ಡಿನಿಂದ ಬಿದ್ದು ತೊಡೆಯ ಮೂಳೆ ಮುರಿದಿದೆ, ತುಮಕೂರಿನ ಆಸ್ಪತ್ರೆಯಲ್ಲಿದ್ದಾನೆ, ರಾಡು ಹಾಕಬೇಕಂತೆ, ಮೊದಲು ದುಡ್ಡು ಕಟ್ಟಿ ಎನ್ನುತ್ತಿದ್ದಾರೆ. ಕೊರಟಗೆರೆಯಲ್ಲಿರುವ ತಮ್ಮನನ್ನು ಕೇಳಲು ಹೊರಟಿದ್ದಾಳೆ, ಅವನು ಕೊಡುವ ನಂಬಿಕೆ ಇಲ್ಲ. ಕೊಡದಿದ್ದರೆ ಮರ ಯಾರು ಎಷ್ಟಕ್ಕೆ ಕೇಳಿದರೂ ಕೊಟ್ಟುಬಿಡುತ್ತಾಳೆ. ಚಿಲ್ಲರೆ ಕೊಡುವಾಗ ಶುರುವಾದ ಮಾತು, ಕೊರಟಗೆರೆ ಬರುವವರೆಗೂ ಹೇಳಿಕೊಂಡಳಂತೆ.

"ಹೋದ ವರ್ಷದ ಅರ್ಧಕ್ಕೇ ಬತ್ತವೆ ಬುಡು," ಎಂದ ಅಪ್ಪ.

ಪಡಸಾಲೆಯಿಂದ ಅಜ್ಜಿಯ ದನಿ ಬಂತು. "ಇವತ್ತೇ ಓಗು ಕಣೇ ರತ್ನಿ. ನಾಳಿಕಾದ್ರೆ ಇನ್ಯಾವನಾದ್ರೂ ನುಂಗ್ಬುಡ್ತಾನೆ."

ಅಮ್ಮ ಮುದ್ದೆಯನ್ನು ತಟ್ಟೆಗೆ ಹಾಕದೆ ಕೈಯಲ್ಲೇ ಹಿಡಿದಿದ್ದಳು.

"ನೀವು ಯಾರು ಅಂತ ಗೊತ್ತಿತ್ತಾ ಅವಳಿಗೆ?"

"ಕಂಡಕ್ಟ್ರು ಅಂತ ಗೊತ್ತಿತ್ತು."

"ನನ್ನ ಯಜಮಾನ್ರು ಅಂತ?"

ಅಪ್ಪ ಸಾರಿನ ಪಾತ್ರೆಗೆ ಕೈ ಚಾಚಿದ. "ಅವಳು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ನಾನೇನು ಕದ್ದು ಕೇಳಿದ್ನಾ? ಅವಳೇ ಬಾಯ್ಬಿಟ್ಟು ಹೇಳಿದ್ದು."

"ನಾಕೆಂದುಕು ಚೆಪ್ಪಿನಾರು?" ಎಂದಳು ಅಮ್ಮ. ಸಿಟ್ಟು ಬಂದರೆ ಅವಳ ಬಾಯಿಗೆ ತವರಿನ ತೆಲುಗು ಬರುತ್ತಿತ್ತು. ಆಮೇಲೆ ಅದನ್ನೇ ಕನ್ನಡದಲ್ಲಿ ಕೇಳಿದಳು. "ನಂಗ್ಯಾಕೆ ಹೇಳಿದ್ರಿ?"

"ಹೇಳ್ದಿದ್ರೆ ಯಾಕೆ ಹೇಳ್ಲಿಲ್ಲ ಅಂತಿದ್ದೆ."

"ನಿನ್ನೆ ಹೋಗಿದ್ರೆ ನಾನು ಹೇಳೋ ರೇಟು ಮರ ನೋಡಿ ಕಟ್ಟಿದ ರೇಟು. ಇವತ್ತು ಹೋದ್ರೆ ಅದು ಅವಳ ಗಂಡನ ಮುರಿದ ಕಾಲು ನೋಡಿ ಕಟ್ಟಿದ ರೇಟು."

"ಅಂಗಾರೆ ಮೊದ್ಲು ಲೆಕ್ಕ ಹಾಕಿದ್ದನ್ನೇ ಕೊಡು. ಯಾರು ಬ್ಯಾಡ ಅಂದ್ರು?"

"ಕೊಟ್ಟೇನು. ಅವಳಿಗೆ ಇನ್ನೂ ಹೆಚ್ಚು ಕೇಳೋ ಧೈರ್ಯ ಇಲ್ಲ ಅಂತ ನಂಗೀಗ ಗೊತ್ತಲ್ಲ. ಅದನ್ನ ಎಲ್ಲಿ ಬಿಸಾಕಿ ಹೋಗ್ಲಿ?"

ಅಜ್ಜಿ ಎದ್ದು ಬಂದು ನಡುಮನೆಯ ಬಾಗಿಲಿಗೆ ಒರಗಿ ನಿಂತಳು. ಖಾಲಿ ನೆಲವನ್ನು ಒಮ್ಮೆ ನೋಡಿದಳು. "ಓಗ್ಬ್ಯಾಡ. ಮಡಿ ಮಾಡ್ಕಂಡು ಮನೇಲೇ ಕುಂತ್ಕ. ಬ್ಯಾರೆಯೋನು ಓಗಿ ಅದೇ ಅರ್ಧಕ್ಕೆ ಹಿಡ್ಕಂತಾನೆ. ನಿಂಗೂ ಇಲ್ಲ, ಅವಳಿಗೂ ಇಲ್ಲ. ಯಾರಿಗ್ ಒಳ್ಳೇದಾಯ್ತು ಯೋಳು."

ಎಷ್ಟೋ ವರ್ಷಗಳ ಮೇಲೆ ಸಂಪಾದಕೀಯ ಸಭೆಗಳಲ್ಲಿ ಇದೇ ವಾದವನ್ನು ಒಳ್ಳೆಯ ಭಾಷೆಯಲ್ಲಿ ಕೇಳಿದ್ದೇನೆ. ಅಲ್ಲಿಯೂ ಉತ್ತರ ಕೊಟ್ಟವರನ್ನು ಕಾಣೆ. ಅಪ್ಪ ಬಸ್ಸಿಗೆ ಹೋದ. ಅಮ್ಮ ತನ್ನ ಮುದ್ದೆಯನ್ನು ಮುಚ್ಚಿಟ್ಟು, ಖಾಲಿ ನಡುಮನೆಯನ್ನು ಇನ್ನೊಮ್ಮೆ ಗುಡಿಸಿದಳು.

ಮರುದಿನ ಬೆಳಿಗ್ಗೆ ಅವಳು ಹೊರಟಿದ್ದು ಹೊಳವನಹಳ್ಳಿಗಲ್ಲ, ಶಿರಾಕ್ಕೆ. ರಜೆಯಾದ್ದರಿಂದ ನಾನೂ ಜೊತೆಗಿದ್ದೆ. ಬಾಷಾ ಸಾಬರ ಮಳಿಗೆಗೆ ಕಾಲಿಟ್ಟಾಗ ನಮ್ಮ ಮನೆಯದೇ ವಾಸನೆ. ಸಾಬರು ಬಿಳಿ ಗಡ್ಡದ, ತೆಳ್ಳಗಿನ ಮನುಷ್ಯ. ಹೆಂಗಸರು ಬಂದರೆ ತಾವು ಎದ್ದು ನಿಂತು ಕುರ್ಚಿ ಬಿಡುವವರು. ಅಮ್ಮ ಕುರ್ಚಿಯಲ್ಲಿ ಕೂರದೆ ನೇರವಾಗಿ ಹೇಳಿದಳು. ಗಂಗಮ್ಮನ ಮರಗಳು ತುಂಬಾ ಕಾಯಿ ಹಿಡಿದಿವೆ. ಪಾವಗಡದ ಕಡೆ ಏನೂ ಇಲ್ಲ. ಇವತ್ತೇ ಇಬ್ಬರೂ ಹೋಗೋಣ, ಬಾಯಲ್ಲಿ ಬೆಲೆ ಕೂಗೋಣ, ಯಾರು ಹೆಚ್ಚು ಕೊಡುತ್ತಾರೋ ಅವರು ಹಿಡಿಯಲಿ.

"ನಿನ್ನ ಸುದ್ದಿ ನೀನೇ ತಂದು ನನಗೆ ಕೊಡ್ತಿದೀಯ ಬೆಹನ್," ಎಂದರು ಸಾಬರು. "ಹುಣಸೆ ವ್ಯಾಪಾರದಲ್ಲಿ ನನಗೆ ಯಾರೂ ಒಂದು ಬೀಜ ಪುಕ್ಕಟೆ ಕೊಟ್ಟಿಲ್ಲ. ಇದ್ರಲ್ಲಿ ಏನು ಕರಾಮತ್ತು ಇಟ್ಟಿದೀಯ ಹೇಳು."

"ಏನೂ ಇಲ್ಲ. ನಾನು ಒಬ್ಬಳೇ ಹೋಗೋ ಹಂಗಿಲ್ಲ."

"ಯಾಕೆ?"

"ಅದು ಹೇಳೋ ಹಂಗಿಲ್ಲ."

"ನೋಡಿದ್ಯಾ, ಇದೆ ಅಂದ್ನಲ್ಲ." ಸಾಬರು ಟೋಪಿ ಸರಿಮಾಡಿಕೊಂಡು, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡರು. ಅಮ್ಮ ಟವೆಲ್ಲನ್ನೇ ನೋಡಿದಳು. "ಬೆವರು ಒರೆಸೋಕೆ," ಎಂದರು.

ಅಮ್ಮ ಅವರಿಗೆ ಗಂಗಮ್ಮನ ಗಂಡನ ಸುದ್ದಿ ಹೇಳಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಅಪ್ಪನ ಬಸ್ಸನ್ನು ಬಿಟ್ಟು ಬೇರೆ ಬಸ್ಸು ಹಿಡಿದದ್ದನ್ನೂ ಗಮನಿಸಿದೆ. ಇಷ್ಟೆಲ್ಲ ಎಚ್ಚರ ವಹಿಸಿದವಳು ಒಂದನ್ನು ಮರೆತಳು. ನಮ್ಮ ವ್ಯಾಪಾರದಲ್ಲಿ ಇಬ್ಬರು ಚೇಣಿದಾರರು ಒಟ್ಟಿಗೆ ಬಂದರೆ ಅದಕ್ಕೆ ಅರ್ಥ ಒಂದೇ: ಒಳಒಪ್ಪಂದವಾಗಿದೆ, ಒಬ್ಬ ಸುಮ್ಮನೆ ಕೂಗುತ್ತಾನೆ, ಇನ್ನೊಬ್ಬ ಕಡಿಮೆಗೆ ಹಿಡಿಯುತ್ತಾನೆ, ಆಮೇಲೆ ಹಂಚಿಕೊಳ್ಳುತ್ತಾರೆ. ಹೊಳವನಹಳ್ಳಿಯಲ್ಲಿ ಒಂದೇ ಬಸ್ಸಿನಿಂದ ಇಬ್ಬರೂ ಇಳಿದದ್ದನ್ನು ನೋಡಿದ ಹುಡುಗರು ನಮಗಿಂತ ಮೊದಲೇ ತೋಪು ಮುಟ್ಟಿದ್ದರು. ಗಂಗಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ, ಮರಕ್ಕೆ ಬೆನ್ನು ಕೊಟ್ಟು ಕಾಯುತ್ತಿದ್ದಳು. ಅಮ್ಮನಿಗಿಂತ ಸ್ವಲ್ಪ ದೊಡ್ಡವಳು, ಕಣ್ಣು ಕೆಂಪಾಗಿದ್ದವು. ತಮ್ಮ ದುಡ್ಡು ಕೊಟ್ಟಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು.

"ಜೋಡಿ ಚೆನ್ನಾಗೈತೆ," ಎಂದಳು. "ವರ್ಸಾ ವರ್ಸಾ ಒಬ್ಬೊಬ್ರೇ ಬತ್ತಿದ್ರಿ. ಈ ಸಲ ಬಸ್ಸಲ್ಲೇ ರೇಟು ಮಾತಾಡ್ಕಂಡು ಬಂದ್ಬುಟ್ರಾ?"

ಸಾಬರು ಅಮ್ಮನ ಕಡೆ ನೋಡಿದರು. "ನಾನು ಹೇಳ್ಲಿಲ್ವಾ, ಇದ್ರಲ್ಲಿ ಏನೋ ಇದೆ ಅಂತ?"

ಅಮ್ಮ ಬೆಲೆ ಹೇಳಿದಳು. ಹಿಂದಿನ ವರ್ಷ ತಾನೇ ಹೇಳಿದ್ದಕ್ಕಿಂತ ಹೆಚ್ಚು. ಸಾಬರು ಅದರ ಮೇಲೆ ಏರಿಸಿದರು. ಅಮ್ಮ ಇನ್ನೂ ಏರಿಸಿದಳು. ಬೆಲೆ ಏರಿದಷ್ಟೂ ಗಂಗಮ್ಮನ ಮುಖ ಬಿಗಿಯಿತು. ಗಂಡ ಬೆರಳಲ್ಲಿ ಮಾತಾಡಿ ತಂದುಕೊಟ್ಟಷ್ಟನ್ನೇ ಬೆಲೆ ಎಂದುಕೊಂಡಿದ್ದವಳು ಅವಳು. ಒಂದು ಮರದ ಬೆಲೆ ತನ್ನ ಕಣ್ಣೆದುರು ಹೀಗೆ ಬೆಳೆಯುವುದನ್ನು ಕಂಡವಳಲ್ಲ.

"ನಿಲ್ಸಿ. ಯಾಕಿಂಗೆ ಏರಿಸ್ತಿದೀರ? ಮರದ ಬುಡದಾಗೆ ಏನಾದ್ರೂ ಹೂತಿಟ್ಟವ್ರಾ?"

"ಪಾವಗಡದ ಕಡೆ ಈ ಸಲ ಕಾಯಿಲ್ಲ ಗಂಗಮ್ಮ," ಎಂದಳು ಅಮ್ಮ. "ಸಿರಾ ಕಡೆನೂ ಇಲ್ಲ. ಶಿವರಾತ್ರಿ ಕಳೆದ್ರೆ ರೇಟು ಏರ್ತದೆ."

"ಕೊಳ್ಳಾಕೆ ಬಂದೋಳು ರೇಟು ಏರ್ತದೆ ಅಂತಾಳಾ? ನಾನೇನು ಕೂಸಾ?"

ನನಗೆ ಆ ಗಳಿಗೆಯಲ್ಲಿ ಕಂಡದ್ದು ಇಷ್ಟು: ಅಮ್ಮ ನಿಜ ಹೇಳುತ್ತಿದ್ದಳು, ಗಂಗಮ್ಮ ನಂಬದೇ ಇರುವುದೂ ಸರಿಯಾಗಿತ್ತು. ಅಮ್ಮ ಹಾಗೆಯೇ ತಿರುಗಿ ಬರಬಹುದಿತ್ತು. ಬಾಷಾ ಸಾಬರು ಆಗಲೇ ಬಸ್ಸಿನ ದಾರಿಯ ಕಡೆ ನೋಡುತ್ತಿದ್ದರು. ಆದರೆ ಅಮ್ಮ ಮರದ ಬೇರಿನ ಮೇಲೆ ಕೂತಳು.

"ಇನ್ನೊಂದೈತೆ. ನಿನ್ನೆ ನೀನು ಬಸ್ಸಲ್ಲಿ ಕಂಡಕ್ಟ್ರ ಹತ್ರ ನಿಮ್ಮನೆಯವರ ಕಾಲಿನ ವಿಷಯ ಹೇಳ್ಕೊಂಡ್ಯಲ್ಲ, ಅವ್ರು ನನ್ನ ಯಜಮಾನ್ರು. ನಂಗೆಲ್ಲ ಗೊತ್ತು. ಯಾರು ಎಷ್ಟು ಕೊಟ್ರೂ ಕೊಡ್ತೀನಿ ಅಂದಿದ್ದೂ ಗೊತ್ತು. ಅದಕ್ಕೇ ಒಬ್ಬಳೇ ಬರ್ಲಿಲ್ಲ."

ಗಂಗಮ್ಮ ದನಿ ತಗ್ಗಿಸಿ, ಅಮ್ಮನಿಗಲ್ಲ, ನನಗೆ ಹೇಳುವಂತೆ ಹೇಳಿದಳು.

"ಅಣ್ಣ ಅಂತ ಯೋಳ್ಕಂಡೆ ಕಣವ್ವ ನಿಮ್ಮಪ್ಪನ ತಾವ. ಟಿಕೀಟು ಹರಿದು ಕೊಡೋನು, ಅವನಿಗ್ಯಾಕೆ ಬೇಕು ನನ್ನ ಮನೆ ಸಂಕ್ಟ, ಕೇಳ್ಕಂಡು ಮರೀತಾನೆ ಅನ್ಕಂಡೆ."

ಬಾಷಾ ಸಾಬರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನನಗೆ ಯಾಕೆ ಹೇಳ್ಲಿಲ್ಲ ರತ್ನಮ್ಮ?"

"ಹೇಳಿದ್ರೆ ನೀವೂ ಅದನ್ನ ಜೇಬಲ್ಲಿ ಇಟ್ಕೊಂಡೇ ಬರ್ತಿದ್ರಿ."

ಗಂಗಮ್ಮ ಮರದಿಂದ ಬೆನ್ನು ತೆಗೆದು ಸಾಬರ ಕಡೆ ತಿರುಗಿದಳು. "ಸಾಬ್ರೇ, ಪಾವಗಡದ ಕಡೆ ನಿಜವಾಗ್ಲೂ ಇಲ್ವಾ? ನೀನು ಸುಮ್ಕಿರು ರತ್ನಮ್ಮ, ನಾನು ಅವ್ರನ್ನ ಕೇಳ್ತಿರೋದು."

"ಇಲ್ಲ ತಾಯಿ. ನನ್ನ ಆಳುಗಳೂ ನೋಡಿ ಬಂದವ್ರೆ."

"ಮತ್ತೆ ನೀವು ಮೊದ್ಲೇ ಯಾಕೆ ಯೋಳ್ಲಿಲ್ಲ?"

ಸಾಬರು ನಕ್ಕುಬಿಟ್ಟರು. ಆಕೆ ನಗಲಿಲ್ಲ. ತೋಪನ್ನು ಒಂದು ಸುತ್ತು ಹಾಕಿಕೊಂಡು ಬಂದಳು. ಬೇಲಿಯ ಪಕ್ಕದ ಎರಡು ಮರಗಳನ್ನು, ಅವು ಎಲ್ಲಕ್ಕಿಂತ ಹೆಚ್ಚು ಹೊತ್ತಿದ್ದವು, ಕೈ ಮಾಡಿ ತೋರಿಸಿ, ಅವನ್ನು ಚೇಣಿಗೆ ಕೊಡುವುದಿಲ್ಲ, ಶಿವರಾತ್ರಿ ಕಳೆದ ಮೇಲೆ ತಾನೇ ಬಡಿಸಿ ಮಾರುತ್ತೇನೆ ಎಂದಳು. ಉಳಿದವನ್ನು ಬಾಷಾ ಸಾಬರಿಗೆ ಕೊಟ್ಟಳು. ಅಮ್ಮ ಕೊನೆಗೆ ಹೇಳಿದ ಬೆಲೆ ಸಾಬರದ್ದಕ್ಕಿಂತ ಒಂದು ಹಿಡಿ ಹೆಚ್ಚಿತ್ತು. ಗಂಗಮ್ಮ ಸಾಬರನ್ನು ಅದೇ ಬೆಲೆಗೆ ಏರಿಸಿದಳು. ದುಡ್ಡನ್ನು ಅಲ್ಲೇ ಎಣಿಸಿಕೊಂಡು, ಮಡಿಲಿಗೆ ಕಟ್ಟಿ, ತುಮಕೂರಿನ ದಾರಿ ಹಿಡಿಯುವ ಮುಂಚೆ ಅಮ್ಮನಿಗೆ ಹೇಳಿದಳು.

"ನೀನು ಕೆಟ್ಟೋಳಲ್ಲ. ಆದ್ರೂ ನನ್ನ ಮನೆ ಸುದ್ದಿ ಕೇಳ್ಕಂಡು ಬಂದೋಳ್ಗೆ ಕೊಟ್ರೆ ನಂಗೆ ನಿದ್ದೆ ಬರಲ್ಲ."

ನಾವು ಖಾಲಿ ಕೈಯಲ್ಲಿ ಮನೆಗೆ ಬಂದೆವು. ಅಜ್ಜಿ ಪಡಸಾಲೆಯಲ್ಲೇ ಕೂತು ಪೂರ್ತಿ ಕೇಳಿದಳು.

"ಸುದ್ದಿನೂ ಕೊಟ್ಟೆ, ಮರಾನೂ ಕೊಟ್ಟೆ. ಬಸ್ ಚಾರ್ಜಾದ್ರೂ ಇಸ್ಕಂಡ್ಯಾ?"

ಆ ವರ್ಷ ಅಮ್ಮ ಅಲ್ಲಲ್ಲಿ ಒಂದೊಂದು ಮರ ಹಿಡಿದು, ಉಳಿದ ದಿನಗಳಲ್ಲಿ ಬಾಷಾ ಸಾಬರ ಹಣ್ಣನ್ನು ಕೂಲಿಗೆ ತರಿಸಿ ಕುಟ್ಟಿಸಿದಳು. ಅದರಲ್ಲಿ ಗಂಗಮ್ಮನ ಮರದ ಹಣ್ಣೂ ಇತ್ತು. ಅಮ್ಮ ಅದನ್ನು ಕೈಯಲ್ಲಿ ಹಿಸುಕಿಯೇ ಗುರುತಿಸಿದಳು. ಬೆಲೆ ಅವಳು ಹೇಳಿದಂತೆಯೇ ಏರಿತು. ಊಟದ ಹೊತ್ತಿಗೆ ಹೊಸ ಕಟ್ಟಳೆ ಬಂತು: ಮರಗಳ ಸುದ್ದಿ ಹೇಳಬಹುದು, ಮನುಷ್ಯರದು ಹೇಳಬಾರದು. ಅಪ್ಪನಿಗೆ ಇದು ಕಷ್ಟವಾಯಿತು. ಮನುಷ್ಯರನ್ನು ಬಿಟ್ಟು ಬರೀ ಮರಗಳನ್ನು ಹೇಳಲು ಹೊರಟರೆ ಎರಡು ಮಾತಿಗೆ ಮುಗಿದುಹೋಗುತ್ತಿತ್ತು. ತಾನು ಕಂಡಕ್ಟರ್ ಆಗಿ ಕೇಳಿದ್ದನ್ನು ಗಂಡನಾಗಿ ಹೇಳಿದ್ದರಲ್ಲಿ ತಪ್ಪೇನು ಎಂಬ ಪ್ರಶ್ನೆ ಅವನಲ್ಲಿ ಕೊನೆಯವರೆಗೂ ಇತ್ತು. ಅಮ್ಮ ಹಾಗೆ ಮಾಡಿದ್ದು ನ್ಯಾಯಕ್ಕೋ, ಗಂಗಮ್ಮನಿಗೆ ಎಂದಾದರೂ ಗೊತ್ತಾಗಿ ಹೆಸರು ಕೆಡುತ್ತದೆ ಎಂಬ ಭಯಕ್ಕೋ? ದೊಡ್ಡವಳಾದ ಮೇಲೆ ಒಮ್ಮೆ ನೇರವಾಗಿಯೇ ಕೇಳಿದೆ. ವರದಿಗಾರರು ಕೇಳುವಂತೆಯೇ ಕೇಳಿದೆ.

"ಎರಡೂ ಇರ್ಬೋದು ಬುಡು," ಎಂದಳು. "ಒಂದೇ ಇದ್ದಿದ್ರೆ ಹೋಗ್ತಿರ್ಲಿಲ್ವೇನೋ."

ಮರುವರ್ಷ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಗಂಗಮ್ಮ ನಮ್ಮ ಮನೆಗೆ ಬಂದಳು. ಗಂಡನೂ ಜೊತೆಗಿದ್ದ. ಊರುಗೋಲು ಊರಿಕೊಂಡು ಬಂದವನು ಜಗಲಿಯ ಮೇಲೆ ಕಾಲು ಚಾಚಿ ಕೂತ. ಅಜ್ಜಿ ಅವನ ತೊಡೆಯನ್ನೇ ನೋಡುತ್ತ, ಒಳಗೆ ಇಟ್ಟಿರುವ ರಾಡು ಉಕ್ಕಿನದೋ ಬರೀ ಕಬ್ಬಿಣದ್ದೋ, ನೀನು ಕಣ್ಣಾರೆ ಕಂಡೆಯಾ ಎಂದು ವಿಚಾರಿಸತೊಡಗಿದಳು. ಗಂಗಮ್ಮ ಒಳಗೆ ಬಂದು ನಡುಮನೆಯ ಗೋಡೆಗೆ ಒರಗಿದಳು. ಅಮ್ಮ ನೀರು, ಬೆಲ್ಲ ತಂದಿಟ್ಟಳು. ಗಂಗಮ್ಮ ಮುಟ್ಟಲಿಲ್ಲ. ಅಷ್ಟರಲ್ಲಿ ಅಪ್ಪ ಊಟಕ್ಕೆ ಬಂದು, ಅವಳನ್ನು ಕಂಡು ಹೊಸಿಲಲ್ಲೇ ನಿಂತುಬಿಟ್ಟ.

"ಬಾರಣ್ಣ," ಎಂದಳು ಗಂಗಮ್ಮ. "ನಿಮ್ಮನೆಗೆ ನೀನೇ ಎದುರ್ಕಂಡ್ರೆ ಹೆಂಗೆ? ನಾನೇನೂ ಯೋಳಾಕೆ ಬಂದಿಲ್ಲ, ಕೇಳಾಕೆ ಬಂದಿವ್ನಿ."

ಅಪ್ಪ ಸುತ್ತಿಕೊಂಡು ಅಡುಗೆಮನೆಗೆ ಹೋದ. ಗಂಗಮ್ಮ ಅಮ್ಮನ ಕಡೆ ತಿರುಗಿದಳು.

"ಈ ಸಲ ಪಾವಗಡದ ಕಡೆ ಹೂವು ಹೆಂಗೈತೆ?"

ಆ ವರ್ಷ ಎಲ್ಲ ಕಡೆಯೂ ಹೂವು ಚೆನ್ನಾಗಿ ನಿಂತಿತ್ತು. ಅಪ್ಪ ವಾರದಿಂದ ಅದನ್ನೇ ಹೇಳುತ್ತಿದ್ದ. ಅಂದರೆ ಬೆಲೆ ಬೀಳುತ್ತದೆ, ಚೇಣಿ ಹಿಡಿಯುವವರು ಕಡಿಮೆಗೆ ಕೇಳಬಹುದು. ಹೋದ ವರ್ಷದ ನಿಜ ಅಮ್ಮನಿಗೆ ನಷ್ಟದ್ದು. ಈ ವರ್ಷದ ನಿಜ ಲಾಭದ್ದು. ಹೇಳುವವಳಿಗೆ ಲಾಭವಾಗುವ ನಿಜವನ್ನು ಯಾರು ನಂಬುತ್ತಾರೆ? ಅಡುಗೆಮನೆಯಲ್ಲಿ ತಟ್ಟೆಯ ಸದ್ದು ನಿಂತಿತ್ತು.

"ಎಲ್ಲ ಕಡೆನೂ ಬಿಟ್ಟೈತೆ," ಎಂದಳು ಅಮ್ಮ. "ಮಿಡಿಗೇಶಿ, ಸಿರಾ, ನಮ್ಮ ನಿಡುಗಲ್ ಕಡೆ, ಎಲ್ಲ. ರೇಟು ಬೀಳ್ತದೆ. ನೀನು ನಂಬ್ತೀಯೋ ಬಿಡ್ತೀಯೋ."

ಗಂಗಮ್ಮ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ನಿನ್ನೆ ಸಿರಾಕ್ಕೋಗಿ ಬಾಷಾ ಸಾಬ್ರನ್ನೂ ಕೇಳ್ಕಂಡು ಬಂದಿವ್ನಿ."

"ಅವ್ರು ಏನಂದ್ರು?"

"ಅದನ್ನ ನಿಂಗ್ಯಾಕೆ ಯೋಳ್ಲಿ?" ಎಂದಳು ಗಂಗಮ್ಮ.